ಮೂಲಿಕಾ ಮಧು: ಮನೆಯಲ್ಲಿ ತಯಾರಿಸುವ ಕ್ರಮ

ಜೇನುತುಪ್ಪ ಎಂದಿಗೂ ಕೆಡುವುದಿಲ್ಲವೆಂಬ ನಂಬಿಕೆ ನಮ್ಮ ನಾಡಿನಲ್ಲಿ ಬಹು ಪ್ರಾಚೀನವಾದುದು. ಈ ನಂಬಿಕೆ ಬಹುಮಟ್ಟಿಗೆ ನಿಜವೂ ಹೌದು. ಆದರೆ ಅದಕ್ಕೊಂದು ಕರಾರಿದೆ; ಜೇನಿನೊಳಗೆ ನೀರಿನ ಅಂಶ ಒಂದು ಮಿತಿಯನ್ನು ದಾಟಬಾರದು. ತುಳಸಿ, ಶುಂಠಿ, ದೊಡ್ಡಪತ್ರೆ ಮೊದಲಾದ ಮೂಲಿಕೆಗಳನ್ನು ಜೇನಿನಲ್ಲಿ ನೆನೆಹಾಕಿ ಇಟ್ಟುಕೊಳ್ಳುವ ಪದ್ಧತಿ ಅನೇಕ ಮನೆಗಳಲ್ಲಿದೆ. ಗೃಹಿಣಿಯು ಹಿತ್ತಿಲಿನಿಂದ ಹಸಿ ಎಲೆಯನ್ನು ಕಿತ್ತು, ತೊಳೆದು, ಜೇನಿನ ಸೀಸೆಗೆ ಹಾಕಿ ಮುಚ್ಚಿಡುತ್ತಾಳೆ. ಎರಡು ವಾರ ಕಳೆಯುವುದರೊಳಗೆ ಸೀಸೆಯಲ್ಲಿ ನೊರೆ ಕಾಣಿಸಿಕೊಳ್ಳುತ್ತದೆ, ಮುಚ್ಚಳ ತೆಗೆದೊಡನೆ ಹುಳಿವಾಸನೆ ಬರುತ್ತದೆ. ಆಗ ಎಲ್ಲರೂ ದೂರುವುದು ಜೇನು ಮಾರಿದವನನ್ನು. ಆತ ಬೆಲ್ಲದ ಪಾಕ ಬೆರೆಸಿರಬೇಕೆಂದು ತೀರ್ಮಾನವಾಗುತ್ತದೆ. ಬೆರೆಸಿರಲೂಬಹುದು, ಆದರೆ ಬಹಳ ಸಲ ಅಪರಾಧ ಆತನದಲ್ಲ, ಎಲೆಯೊಳಗಿನ ನೀರಿನದು.

ಈ ಮಾತು ಸ್ಪಷ್ಟವಾಗಬೇಕಾದರೆ ಜೇನುನೊಣದ ಕೆಲಸವನ್ನು ಸ್ವಲ್ಪ ನೋಡಬೇಕು. ಹೂವಿನಿಂದ ನೊಣ ಹೀರಿ ತರುವ ಮಕರಂದ ಜೇನಲ್ಲ. ಅದು ತೆಳ್ಳನೆಯ ಸಿಹಿನೀರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ, ಎಷ್ಟೋ ವೇಳೆ ಮುಕ್ಕಾಲು ಭಾಗ, ನೀರೇ ಇರುತ್ತದೆ. ಗೂಡಿನೊಳಗೆ ನೊಣಗಳು ಅದನ್ನು ಬಾಯಿಂದ ಬಾಯಿಗೆ ದಾಟಿಸಿ, ಕಣಗಳಲ್ಲಿ ತೆಳುವಾಗಿ ಹರಡಿ, ಹಗಲಿರುಳು ರೆಕ್ಕೆಯಿಂದ ಗಾಳಿ ಬೀಸಿ ಆರಿಸುತ್ತವೆ. ನೀರು ನೂರಕ್ಕೆ ಹದಿನೆಂಟರ ಆಸುಪಾಸಿಗೆ ಇಳಿದ ಮೇಲೆಯೇ ಕಣದ ಬಾಯಿಗೆ ಮೇಣದ ಮುಚ್ಚಳ ಬೀಳುವುದು. ಇಷ್ಟು ದಟ್ಟವಾದ ಸಕ್ಕರೆಯ ದ್ರವದಲ್ಲಿ ಸೂಕ್ಷ್ಮಜೀವಿಗಳು ಬಾಳಲಾರವು. ಅವುಗಳ ದೇಹದ ನೀರನ್ನೇ ಜೇನು ಹೊರಕ್ಕೆ ಸೆಳೆದುಬಿಡುತ್ತದೆ. ಇದರೊಡನೆ ಜೇನು ಸಹಜವಾಗಿ ಆಮ್ಲಗುಣವುಳ್ಳದ್ದು. ನೊಣ ಸೇರಿಸಿದ ಒಂದು ಕಿಣ್ವದಿಂದ ಅದರಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಅಲ್ಪ ಪ್ರಮಾಣದಲ್ಲಿ ಹುಟ್ಟುತ್ತದೆ. ಆದರೂ ಸಕ್ಕರೆಯನ್ನು ಸಹಿಸಿಕೊಳ್ಳುವ ಯೀಸ್ಟ್ ಜಾತಿಯ ಜೀವಿಗಳು ಪ್ರತಿಯೊಂದು ಜೇನಿನಲ್ಲೂ ನಿದ್ರಿಸುತ್ತಿರುತ್ತವೆ. ನೀರು ಶೇಕಡಾ 17ರ ಒಳಗಿರುವವರೆಗೆ ಅವು ಏಳುವುದಿಲ್ಲ. 20 ದಾಟಿತೆಂದರೆ ಎದ್ದು ಹುದುಗೆಬ್ಬಿಸಲು ತೊಡಗುತ್ತವೆ. ನೊಣ ಅಷ್ಟು ಶ್ರಮದಿಂದ ಹೊರದೂಡಿದ ನೀರನ್ನು ಹಸಿ ಎಲೆಯ ರೂಪದಲ್ಲಿ ನಾವು ಮತ್ತೆ ಒಳಗೆ ತಂದು ಸುರಿಯುತ್ತೇವೆ.

ಚಳ್ಳಕೆರೆ ಮತ್ತು ಮೊಳಕಾಲ್ಮೂರು ಸೀಮೆಯವರಿಗೆ ನೀರನ್ನು ಲೆಕ್ಕ ಹಾಕಿ ಬಳಸುವುದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ರಾಜ್ಯದಲ್ಲಿ ಅತ್ಯಂತ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಇವೂ ಸೇರಿವೆ. ನಾಯಕನಹಟ್ಟಿಯ ಕಡೆಯ ವರವು ಕಾವಲು, ಅದರ ನೆರೆಯ ಕುದಾಪುರ ಕಾವಲು, ಉಳ್ಳಾರ್ತಿ ಕಾವಲು ಇವೆಲ್ಲವೂ ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳ ಮೇವಿಗಾಗಿ ಕಾದಿರಿಸಿದ ಹುಲ್ಲುಗಾವಲುಗಳು. ಎತ್ತರದ ಮರಗಳಿಲ್ಲದ ಇಂಥ ಬಯಲಿನಲ್ಲಿ ಜೇನೆಲ್ಲಿ ಎಂದು ಮಲೆನಾಡಿನವರು ಕೇಳಬಹುದು. ಪೊದೆಯ ಕೊಂಬೆಗೆ ಅಂಗೈಯಗಲದ ಒಂದೇ ತಟ್ಟಿ ಕಟ್ಟುವ ಕೋಲುಜೇನಿಗೆ ದೊಡ್ಡ ಮರ ಬೇಕಾಗಿಲ್ಲ. ತಂಗಡಿ, ಎಲಚಿ, ಜಾಲಿಯ ಬೇಲಿ ಸಾಕು. ಹೆಜ್ಜೇನು ಗುಡ್ಡದ ಬಂಡೆಯ ಚಾಚಿಗೂ ಊರ ಮುಂದಿನ ಹಳೆಯ ಮರಕ್ಕೂ ಹೊಂದಿಕೊಳ್ಳುತ್ತದೆ. ತುಡುವೆಯು ಹುತ್ತದ ಬಿಲದಲ್ಲಿ, ಪೊಟರೆಯಲ್ಲಿ, ಕಲ್ಲುಗೋಡೆಯ ಸಂದಿನಲ್ಲಿ ಸೇರಿಕೊಳ್ಳುತ್ತದೆ. ಫಾಲ್ಗುಣದಲ್ಲಿ ನಾಯಕನಹಟ್ಟಿಯ ತೇರು ಮುಗಿದ ಮೇಲೆ ಬೇವು, ಹೊಂಗೆಗಳು ಹೂವಾಗುತ್ತವೆ. ಆಗ ಕೂಡುವ ಜೇನಿನಲ್ಲಿ ಬೇವಿನ ಒಂದು ನವುರಾದ ಒಗರು ಇರುವುದುಂಟು. ಮುಂಗಾರು ಹಿಡಿದ ಮೇಲೆ ಹೊಲದ ಬದುಗಳ ತುಂಬೆ, ಅನಂತರ ಸೂರ್ಯಕಾಂತಿ, ಎಲಚಿ ಸರದಿಯಲ್ಲಿ ಬರುತ್ತವೆ.

ಕಾವಲಿನ ಸ್ಥಿತಿ ಈಗ ಮೊದಲಿನಂತಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಕುದಾಪುರದ ಕಡೆ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ಬಂದಿದೆ. ಶಾಲಾ ಶಿಕ್ಷಕರ ತರಬೇತಿ ಅಲ್ಲಿ ನಡೆಯುವುದರಿಂದ ಉಪಾಧ್ಯಾಯರಲ್ಲಿ ಅನೇಕರು ಆ ದಾರಿಯನ್ನು ಬಲ್ಲರು. ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ಕ್ಷೇತ್ರವು 2017ರ ಮೇ ತಿಂಗಳಿನಲ್ಲಿ ಉದ್ಘಾಟನೆಯಾಯಿತು. ಕುರಿಗಾರರ ಮೇವಿನ ನೆಲ ಕಿರಿದಾದುದರ ಬಗೆಗೆ ನಡೆದ ಚರ್ಚೆ ಸರ್ವರಿಗೂ ಗೊತ್ತಿದೆ. ಜೇನಿನ ಮಾತನ್ನು ಯಾರೂ ಎತ್ತಲಿಲ್ಲ, ಎತ್ತುವವರೂ ಇರಲಿಲ್ಲ. ಹೊಲದ ಬದುವಿನಲ್ಲಿ ಉಳಿದ ತಂಗಡಿಯನ್ನೂ ಎಲಚಿಯನ್ನೂ ಕಡಿದು ತಂತಿಬೇಲಿ ಹಾಕುವ ರೈತನು ಒಂದು ಕ್ಷಣ ಯೋಚಿಸಿದರೆ ಕೋಲುಜೇನಿಗೆ ನೆಲೆ ಉಳಿದೀತು.

ಇನ್ನು ತಯಾರಿಕೆಯ ವಿಷಯ. ಮೊದಲು ಜೇನನ್ನು ಆರಿಸಬೇಕು. ಹಳ್ಳಿಯಲ್ಲಿ ಜೇನು ಕಿತ್ತವರಿಂದ ಕೊಳ್ಳುವುದಾದರೆ ಮೇಣದ ಮುಚ್ಚಳ ಬಿದ್ದ ಭಾಗದ ಜೇನನ್ನು ಮಾತ್ರ ಕೇಳಿ ಪಡೆಯಬೇಕು. ಮರಿಹುಳು, ಪರಾಗ, ಮುಚ್ಚದ ಕಣ ಎಲ್ಲವನ್ನೂ ಒಟ್ಟಿಗೆ ಹಿಂಡಿದ ಜೇನು ಮೂಲಿಕೆ ಹಾಕದೆಯೇ ಹುದುಗುತ್ತದೆ. ಮಳೆಗಾಲದಲ್ಲಿ ಕಿತ್ತ ಕಾಡುಜೇನಿನಲ್ಲಿ ಸಹಜವಾಗಿಯೇ ನೀರು ಹೆಚ್ಚು. ಅದನ್ನು ಬೇಗ ತಿಂದು ಮುಗಿಸುವುದು ಲೇಸು, ಮೂಲಿಕೆಗೆ ಬಳಸುವುದು ಸಲ್ಲ. ಭಾರತದ ಆಹಾರ ಮಾನಕದಂತೆ ಜೇನಿನಲ್ಲಿ ನೀರು ಶೇಕಡಾ 20ನ್ನು ಮೀರಬಾರದು. ಪೇಟೆಯ ಸೀಸೆಯ ಜೇನಿನ ಬಗೆಗೂ ಎಚ್ಚರ ಬೇಕು. 2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಹದಿಮೂರು ಹೆಸರಿನ ಜೇನುಗಳನ್ನು ಸೂಕ್ಷ್ಮ ಪರೀಕ್ಷೆಗೆ ಒಳಪಡಿಸಿದಾಗ ಮೂರು ಮಾತ್ರ ತೇರ್ಗಡೆಯಾದವು. ನೀರಿನಲ್ಲಿ ಬಿಟ್ಟು ತಳಕ್ಕೆ ಇಳಿಯುತ್ತದೆಯೇ ಎಂದು ನೋಡುವುದು, ಬತ್ತಿಗೆ ಸವರಿ ಬೆಂಕಿಕಡ್ಡಿ ಗೀರುವುದು, ಇರುವೆ ಮುತ್ತುತ್ತದೆಯೇ ಎಂದು ಕಾಯುವುದು, ಈ ಮನೆಯ ಪರೀಕ್ಷೆಗಳಾವುವೂ ನೆಚ್ಚತಕ್ಕವಲ್ಲ. ದಟ್ಟವಾದ ಸಕ್ಕರೆ ಪಾಕವೂ ಇವುಗಳಲ್ಲಿ ಗೆದ್ದುಬಿಡುತ್ತದೆ. ಚಳಿಗಾಲದಲ್ಲಿ ಜೇನು ಹರಳುಗಟ್ಟಿದರೆ ಅದು ಕಲಬೆರಕೆಯ ಗುರುತೆಂದು ಎಸೆಯುವವರಿದ್ದಾರೆ. ಹರಳುಗಟ್ಟುವುದು ಜೇನಿನ ಸ್ವಭಾವ. ಗೊತ್ತಿರುವ ಮನುಷ್ಯನಿಂದ ಕೊಳ್ಳುವುದಕ್ಕಿಂತ ಉತ್ತಮವಾದ ಉಪಾಯ ಗೃಹಸ್ಥನ ಕೈಯಲ್ಲಿಲ್ಲ.

ಈಗ ನೀರಿನ ಲೆಕ್ಕವನ್ನು ನೋಡೋಣ. ಶೇಕಡಾ 18 ನೀರಿರುವ 250 ಗ್ರಾಂ ಜೇನಿನಲ್ಲಿ 45 ಗ್ರಾಂ ನೀರಿರುತ್ತದೆ. ಇದಕ್ಕೆ 50 ಗ್ರಾಂ ಹಸಿ ತುಳಸಿಯನ್ನು ಹಾಕಿದರೆ, ಹಸಿ ಎಲೆಯ ತೂಕದಲ್ಲಿ ನೂರಕ್ಕೆ 85ರಷ್ಟು ನೀರೆಂದು ಹಿಡಿದರೂ, 42 ಗ್ರಾಂಗಿಂತ ಹೆಚ್ಚು ನೀರು ಒಳಗೆ ಬಂದಿತು. ಜೇನು ಅದನ್ನು ಎಲೆಯಿಂದ ಹೀರಿಕೊಳ್ಳುತ್ತದೆ. ಒಂದೆರಡು ದಿನದಲ್ಲಿ ಎಲೆ ಮುದುಡುತ್ತದೆ, ಜೇನು ತೆಳ್ಳಗಾಗುತ್ತದೆ. ಆಗ ನೀರಿನ ಅಂಶ ಶೇಕಡಾ 30ಕ್ಕೆ ಮುಟ್ಟುತ್ತದೆ. ಅದೇ 50 ಗ್ರಾಂ ಎಲೆಯನ್ನು ಮೊದಲು ಒಣಗಿಸಿದರೆ ಉಳಿಯುವುದು ಸುಮಾರು 8 ಗ್ರಾಂ. ಅದರಲ್ಲಿ ನೀರು ಒಂದು ಗ್ರಾಮಿಗೂ ಕಡಿಮೆ. ಜೇನಿಗೆ ಹಾಕಿದ ಮೇಲೂ ಒಟ್ಟು ನೀರು ಶೇಕಡಾ 18ರ ಮೇಲೆ ಒಂದಿಷ್ಟೇ ಏರುತ್ತದೆ. ಎಲೆ ಅದೇ, ಜೇನೂ ಅದೇ; ಒಂದು ಕೆಡುತ್ತದೆ, ಇನ್ನೊಂದು ವರ್ಷವಿಡೀ ಉಳಿಯುತ್ತದೆ.

ಆದುದರಿಂದ ಮೂಲಿಕಾ ಮಧುವಿನ ಕೆಲಸದಲ್ಲಿ ಬಹುಪಾಲು ಒಣಗಿಸುವುದೇ ಆಗಿದೆ. ಈ ಒಂದು ವಿಷಯದಲ್ಲಿ ಬಯಲುಸೀಮೆಗೆ ದೈವ ಒಲಿದಿದೆ ಎನ್ನಬೇಕು. ಮಡಿಕೇರಿಯ ಮನೆಯಲ್ಲಿ ವಾರವಾದರೂ ಒಣಗದೆ ಬೂಷ್ಟು ಹಿಡಿಯುವ ಎಲೆ ಚಳ್ಳಕೆರೆಯ ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೆ ಗರಿಗರಿಯಾಗುತ್ತದೆ. ಬೆಳಗಿನ ಇಬ್ಬನಿ ಆರಿದ ಮೇಲೆ ಎಲೆ ಬಿಡಿಸಿ, ತೊಳೆದು, ಬಟ್ಟೆಯ ಮೇಲೆ ಹರಡಿ ನೀರು ಹೋಗಗೊಡಬೇಕು. ಆಮೇಲೆ ನೆರಳಿನಲ್ಲಿ, ಗಾಳಿಯಾಡುವಲ್ಲಿ, ಮೊರದಲ್ಲಿ ತೆಳುವಾಗಿ ಹರವಬೇಕು. ಬಿಸಿಲಿಗೆ ಹಾಕಿದರೆ ತುಳಸಿಯ ಪರಿಮಳವೆಲ್ಲ ಗಾಳಿಗೆ ಹೋಗುತ್ತದೆ. ಈ ಸೀಮೆಯ ಗಾಳಿಗೆ ಧೂಳೂ ಹೆಚ್ಚಾದುದರಿಂದ ತೆಳುವಾದ ಬಟ್ಟೆಯನ್ನು ಮೇಲೆ ಹೊದಿಸುವುದು ಅಗತ್ಯ. ಎಲೆ ಬೆರಳ ಮಧ್ಯೆ ಪುಡಿಯಾಗಬೇಕು, ಕಡ್ಡಿ ಬಗ್ಗದೆ ಲಟಕ್ಕನೆ ಮುರಿಯಬೇಕು, ಅದೇ ಹದ. ಮೆತ್ತಗಿದ್ದರೆ ಇನ್ನೊಂದು ದಿನ ಬಿಡಬೇಕು. ಶುಂಠಿಯನ್ನು ಮನೆಯಲ್ಲಿ ಒಣಗಿಸುವ ಶ್ರಮಕ್ಕಿಂತ ಅಂಗಡಿಯ ಒಳ್ಳೆಯ ಒಣಶುಂಠಿಯನ್ನು ತಂದು ಜಜ್ಜಿಕೊಳ್ಳುವುದು ಸುಲಭ.

ಬಾಯಿ ಅಗಲವಾದ ಗಾಜಿನ ಸೀಸೆ ಅಥವಾ ಪಿಂಗಾಣಿಯ ಭರಣಿ ಬೇಕು. ಹಿತ್ತಾಳೆ, ತಾಮ್ರದ ಪಾತ್ರೆಗಳು ಜೇನಿನ ಆಮ್ಲಕ್ಕೆ ಸಲ್ಲವು. ಪಾತ್ರೆಯನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿನಲ್ಲಿ ಪೂರ್ಣ ಆರಿಸಬೇಕು. ತಳದಲ್ಲಿ ಉಳಿದ ನಾಲ್ಕು ಹನಿಯೂ ಲೆಕ್ಕಕ್ಕೆ ಬರುತ್ತದೆ. 250 ಗ್ರಾಂ ಜೇನಿಗೆ ಒಣ ಎಲೆಯಾದರೆ 8ರಿಂದ 10 ಗ್ರಾಂ, ಜಜ್ಜಿದ ಒಣಶುಂಠಿ ಅಥವಾ ಹಿಪ್ಪಲಿಯಾದರೆ 5 ಗ್ರಾಂ ಸಾಕು. ಮೂಲಿಕೆಯನ್ನು ಮೊದಲು ಹಾಕಿ, ಮೇಲೆ ಜೇನನ್ನು ನಿಧಾನವಾಗಿ ಹೊಯ್ದು, ಒಣಗಿದ ಮರದ ಕಡ್ಡಿಯಿಂದ ತಿರುವಿ ಗಾಳಿಗುಳ್ಳೆಗಳನ್ನು ಬಿಡಿಸಬೇಕು. ಜೇನು ನೀರಿಗಿಂತ ಸುಮಾರು ಒಂದೂವರೆ ಪಾಲು ತೂಕವಾದುದರಿಂದ ಎಲೆ ಮೇಲಕ್ಕೆ ತೇಲಿ ನಿಲ್ಲುತ್ತದೆ. ಗಾಳಿಗೆ ತೆರೆದುಕೊಂಡ ಆ ಮೇಲ್ಪದರದಲ್ಲಿಯೇ ಬೂಷ್ಟು ಹಿಡಿಯುವ ಸಂಭವ. ಆದುದರಿಂದ ಬಿಗಿಯಾಗಿ ಮುಚ್ಚಿ, ದಿನಕ್ಕೊಮ್ಮೆ ಸೀಸೆಯನ್ನು ತಲೆಕೆಳಗು ಮಾಡಿ ಇಡಬೇಕು. ಎರಡು ವಾರದಿಂದ ನಾಲ್ಕು ವಾರದೊಳಗೆ ಸುವಾಸನೆ ಇಳಿದಿರುತ್ತದೆ. ಮಲ್ಲಿನ ಬಟ್ಟೆಯಲ್ಲಿ ಸೋಸಿ ಬೇರೆ ಸೀಸೆಗೆ ತುಂಬಿದರೆ ಮುಗಿಯಿತು. ಉಳಿದ ಎಲೆಯನ್ನು ಬಿಸಾಡಬೇಕಾಗಿಲ್ಲ, ಕಷಾಯಕ್ಕೆ ಆಗುತ್ತದೆ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದು ಉತ್ತಮ. ಗಾಳಿಯ ಆರ್ದ್ರತೆ ಶೇಕಡಾ 60ನ್ನು ದಾಟಿದಾಗ ತೆರೆದಿಟ್ಟ ಜೇನು ಗಾಳಿಯಿಂದಲೇ ನೀರನ್ನು ಎಳೆದುಕೊಳ್ಳುತ್ತದೆ.

ಬೇಗನೆ ಆಗಲೆಂದು ಜೇನನ್ನು ಒಲೆಯ ಮೇಲಿಟ್ಟು ಮೂಲಿಕೆಯನ್ನು ಕುದಿಸುವ ಕ್ರಮವೊಂದು ಬಳಕೆಗೆ ಬಂದಿದೆ. ಚರಕನು ಬಿಸಿ ಮಾಡಿದ ಜೇನನ್ನು ಕಟುವಾಗಿ ನಿಷೇಧಿಸಿದ್ದಾನೆ. ಅದು ವಿಷವೇ ಆಗುತ್ತದೆಂಬುದಕ್ಕೆ ಇಂದಿನ ವಿಜ್ಞಾನದ ಬೆಂಬಲ ಸಿಗಲಾರದು. ಆದರೆ ಕಾಯಿಸಿದಷ್ಟೂ ಕಿಣ್ವಗಳು ನಾಶವಾಗುತ್ತವೆ, ಪರಿಮಳ ಹಾರುತ್ತದೆ, ಸಕ್ಕರೆ ಒಡೆದು ಹೈಡ್ರಾಕ್ಸಿಮೀಥೈಲ್ ಫರ್ಫುರಾಲ್ ಎಂಬ ಪದಾರ್ಥ ಹೆಚ್ಚುತ್ತದೆ. ಇದರ ಪ್ರಮಾಣಕ್ಕೆ ಆಹಾರ ಮಾನಕದಲ್ಲಿಯೂ ಮಿತಿಯಿದೆ. ಕಾರಣ ಬೇರೆಯಾದರೂ ಪ್ರಾಚೀನರ ಮಾತನ್ನು ಮನ್ನಿಸುವುದರಲ್ಲಿ ನಷ್ಟವಿಲ್ಲ. ಹರಳುಗಟ್ಟಿದ ಜೇನನ್ನು ಕರಗಿಸಬೇಕಾದಲ್ಲಿ ಸೀಸೆಯನ್ನು ಕೈ ತಾಳುವಷ್ಟು ಬೆಚ್ಚಗಿನ ನೀರಿನಲ್ಲಿ ಇಟ್ಟರೆ ಸಾಕು.

ಯಾವ ಮೂಲಿಕೆಯನ್ನು ಹಾಕಬೇಕೆಂಬುದು ಅಭಿರುಚಿಯ ಮಾತು. ತುಳಸಿ, ಪುದೀನ, ಒಣಶುಂಠಿ, ಕಾಳುಮೆಣಸು, ಹಿಪ್ಪಲಿ, ಏಲಕ್ಕಿ, ನಾಟಿ ಗುಲಾಬಿಯ ಎಸಳು ಇವು ನಿರಪಾಯ. ದೊಡ್ಡಪತ್ರೆಯ ಎಲೆ ರಸಭರಿತವಾದುದರಿಂದ ಒಣಗಲು ಬಹಳ ದಿನ ಹಿಡಿಯುತ್ತದೆ. ಅದನ್ನು ಆಗಿಂದಾಗ್ಗೆ ಬಾಡಿಸಿ ರಸ ಹಿಂಡಿ ಜೇನು ಬೆರೆಸಿ ಕೊಡುವ ಹಳೆಯ ಕ್ರಮವೇ ಚೆನ್ನು. ಆಡುಸೋಗೆಯು ಕೆಮ್ಮಿಗೆ ಹೆಸರಾದ ಗಿಡವಾದರೂ ಗರ್ಭಿಣಿಯರಿಗೆ ಕೊಡತಕ್ಕದ್ದಲ್ಲ. ಹಸಿ ಬೆಳ್ಳುಳ್ಳಿಯನ್ನು ಜೇನಿನಲ್ಲಿ ತಿಂಗಳುಗಟ್ಟಲೆ ಇಡುವುದು ಬೇಡ. ಕಾವಲಿನ ಅಂಚಿನಲ್ಲಿಯೂ ದಾರಿಯ ಬದಿಯಲ್ಲಿಯೂ ಎಕ್ಕ, ಉಮ್ಮತ್ತಿ, ಕಣಗಿಲೆಗಳು ಹೂಬಿಟ್ಟು ನಿಂತಿರುತ್ತವೆ. ಇವು ವಿಷಗಿಡಗಳು. ಗುರುತು ಖಚಿತವಿಲ್ಲದ ಎಲೆಯನ್ನು, ಅದೆಷ್ಟೇ ಸುವಾಸನೆಯುಳ್ಳದ್ದಾದರೂ, ಸೀಸೆಗೆ ಹಾಕಲಾಗದು.

ಇಲ್ಲೊಂದು ಸ್ವಾರಸ್ಯವನ್ನು ಗಮನಿಸಬಹುದು. ನಮ್ಮ ವೈದ್ಯಪದ್ಧತಿಯಲ್ಲಿ ಜೇನು ಬಹುಮಟ್ಟಿಗೆ ಅನುಪಾನ. ಚೂರ್ಣವನ್ನು ಒಣಗಿದ್ದಾಗಿ ಡಬ್ಬಿಯಲ್ಲಿಟ್ಟು, ಕೊಡುವ ಹೊತ್ತಿಗೆ ಒಂದು ಚಮಚ ಜೇನಿನಲ್ಲಿ ಕಲಸಿ ನೆಕ್ಕಿಸುವುದು ರೂಢಿ. ಚ್ಯವನಪ್ರಾಶದಂಥ ಲೇಹ್ಯದಲ್ಲಿಯೂ ಪಾಕ ತಣಿದ ಮೇಲೆ ಜೇನನ್ನು ಸೇರಿಸುತ್ತಾರೆ. ಶೀತವಾದಾಗ ಶುಂಠಿ, ಮೆಣಸು, ಹಿಪ್ಪಲಿಯ ಪುಡಿಯನ್ನು ಅಜ್ಜಿಯರು ಬೆರಳಿನಲ್ಲಿ ಕಲಸಿ ಕೊಡುತ್ತಿದ್ದುದು ಇದೇ ಕ್ರಮದಲ್ಲಿ. ಅವಸರದ ಮನೆಗಳಲ್ಲಿ ನೆನೆಹಾಕಿದ ಸೀಸೆಗಿಂತ ಇದೇ ಮೇಲೆಂದರೆ ತಪ್ಪಾಗದು. ಹುದುಗುವ ಭಯವೇ ಇಲ್ಲ.

ಜೇನುನೆಲ್ಲಿಯ ಮಾತು ಬೇರೆ. ನೆಲ್ಲಿಕಾಯಿಯ ತೂಕದಲ್ಲಿ ಐದರಲ್ಲಿ ನಾಲ್ಕು ಪಾಲು ನೀರು. ಅದನ್ನು ಇಡಿಯಾಗಿ ಜೇನಿಗೆ ಹಾಕಿದರೆ ಎರಡೇ ದಿನದಲ್ಲಿ ಜೇನು ಪಾನಕವಾಗುತ್ತದೆ. ಇದನ್ನು ಬಲ್ಲ ಹಿರಿಯರು ಕಾಯಿಯನ್ನು ಆವಿಯಲ್ಲಿ ಬಾಡಿಸಿ, ಬೀಜ ಬಿಡಿಸಿ, ಎಸಳುಗಳನ್ನು ಬಿಸಿಲಿನಲ್ಲಿ ಅರ್ಧ ಒಣಗಿಸಿ, ಆಮೇಲೆ ಜೇನಿನಲ್ಲಿ ಮುಳುಗಿಸುತ್ತಾರೆ. ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ದಿನವೂ ಬಿಸಿಲಿಗಿಟ್ಟು ಸಂಜೆ ಒಳಗೆ ತೆಗೆದುಕೊಳ್ಳುತ್ತಾರೆ. ಬಟ್ಟೆಯ ಮೂಲಕ ನೀರು ಆವಿಯಾಗಿ ಹೋಗಿ ಜೇನು ಮತ್ತೆ ಗಟ್ಟಿಯಾಗುತ್ತದೆ. ಗೂಡಿನಲ್ಲಿ ನೊಣ ರೆಕ್ಕೆಯಿಂದ ಮಾಡುವುದನ್ನು ಇಲ್ಲಿ ಬಯಲಿನ ಗಾಳಿ ಮಾಡುತ್ತದೆ. ನೆಲ್ಲಿಯ ಹುಳಿಯೂ ಕೆಡದಂತೆ ಕಾಯುವುದರಲ್ಲಿ ನೆರವಾಗುತ್ತದೆ. ಬಿಸಿಲಿಗೆ ಇಡುವ ಕ್ರಮ ತಪ್ಪಿದರೆ ಮಾತ್ರ ನೊರೆ ಖಂಡಿತ.

ಕೂಸುಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಹುಟ್ಟಿದ ಕೂಸಿನ ನಾಲಗೆಗೆ ಜೇನು ಸವರುವ ಆಚಾರ ಅನೇಕ ಮನೆತನಗಳಲ್ಲಿ ಇಂದಿಗೂ ಇದೆ. ಪ್ರೀತಿಯಿಂದಲೂ ಭಕ್ತಿಯಿಂದಲೂ ನಡೆದುಬಂದದ್ದು. ಆದರೆ ಮಣ್ಣಿನಲ್ಲಿ ಸಹಜವಾಗಿರುವ ಕ್ಲಾಸ್ಟ್ರಿಡಿಯಮ್ ಬಾಟುಲಿನಮ್ ಎಂಬ ಜೀವಿಯ ಬೀಜಾಣುಗಳು ಶುದ್ಧವಾದ ಜೇನಿನಲ್ಲಿಯೂ ಇರಬಹುದು. ಜೇನಿನಲ್ಲಿ ಅವು ಮೊಳೆಯಲಾರವು, ದೊಡ್ಡವರ ಹೊಟ್ಟೆಯಲ್ಲಿಯೂ ಮೊಳೆಯಲಾರವು. ಕರುಳಿನ ವ್ಯವಸ್ಥೆ ಇನ್ನೂ ಬಲಿಯದ ಎಳೆಗೂಸಿನಲ್ಲಿ ಮಾತ್ರ ಮೊಳೆತು ವಿಷವನ್ನು ಹುಟ್ಟಿಸುತ್ತವೆ. ಮಲಬದ್ಧತೆ, ಕ್ಷೀಣವಾದ ಅಳು, ಹಾಲು ಚೀಪಲಾರದಿರುವುದು, ಕೈಕಾಲು ಸೋಲುವುದು ಇದರ ಲಕ್ಷಣಗಳು. ಉಸಿರಾಟವೇ ನಿಲ್ಲುವ ಅಪಾಯವೂ ಉಂಟು. ಕೂಸುಗಳ ಈ ರೋಗವನ್ನು ವೈದ್ಯಲೋಕವು ಗುರುತಿಸಿದ್ದೇ 1976ರಲ್ಲಿ; ಜೇನಿನ ಸಂಬಂಧ ಸ್ಪಷ್ಟವಾದುದು ಅದರ ಅನಂತರ. ಆದುದರಿಂದ ಹಿಂದಿನವರು ಇದನ್ನು ಅರಿಯದೆ ಹೋದದ್ದು ಅವರ ದೋಷವಲ್ಲ. ಮನೆಯ ಒಲೆಯಲ್ಲಿ ಕಾಯಿಸಿದರೂ ಈ ಬೀಜಾಣುಗಳು ಸಾಯುವುದಿಲ್ಲ. ಒಂದು ವರ್ಷ ತುಂಬುವವರೆಗೆ ಮಗುವಿಗೆ ಜೇನನ್ನಾಗಲಿ, ಜೇನು ಸೇರಿದ ಔಷಧವನ್ನಾಗಲಿ, ಬೆರಳ ತುದಿಯಷ್ಟೂ ಕೊಡಬಾರದು. ಹಿರಿಯರ ಮನಸ್ಸು ನೋಯದಂತೆ ಇದನ್ನು ಮನೆಯಲ್ಲಿ ತಿಳಿಸಿ ಹೇಳುವ ಹೊಣೆ ಓದಿದ ಹೆಣ್ಣುಮಕ್ಕಳ ಮೇಲೂ ಗಂಡುಮಕ್ಕಳ ಮೇಲೂ ಇದೆ.

ವರ್ಷ ದಾಟಿದ ಮಕ್ಕಳಿಗೂ ದೊಡ್ಡವರಿಗೂ ಶೀತದ ಕೆಮ್ಮಿನಲ್ಲಿ ಜೇನು ಹಿತವೆಂಬುದಕ್ಕೆ ಈಚಿನ ಪರೀಕ್ಷೆಗಳ ಆಧಾರವಿದೆ; ಇಂಗ್ಲೆಂಡಿನ ಆರೋಗ್ಯ ಮಾರ್ಗಸೂಚಿಯೂ ಅದನ್ನು ಸೇರಿಸಿಕೊಂಡಿದೆ. ಮೂಲಿಕೆ ಸೇರಿದ್ದರಿಂದ ಗುಣ ಎಷ್ಟು ಹೆಚ್ಚಿತೆಂದು ತೂಗಿ ಹೇಳುವುದು ಸುಲಭವಲ್ಲ. ರುಚಿ ಹೆಚ್ಚುವುದು ಖಂಡಿತ. ಮೂರು ವಾರ ಮೀರಿದ ಕೆಮ್ಮಿಗೆ ಸೀಸೆಯನ್ನು ನಂಬಿ ಕೂರದೆ ವೈದ್ಯರಲ್ಲಿಗೆ ಹೋಗಬೇಕು. ಮಧುಮೇಹಿಗಳು ಜೇನನ್ನು ಸಕ್ಕರೆಯೆಂದೇ ಎಣಿಸತಕ್ಕದ್ದು.

ಶಾಲೆಯ ವಿಜ್ಞಾನದ ತರಗತಿಗೆ ಇದರಲ್ಲೊಂದು ಸುಲಭವಾದ ಪ್ರಯೋಗವಿದೆ. ಎರಡು ಗಾಜಿನ ಸೀಸೆಗಳಲ್ಲಿ ತಲಾ 100 ಗ್ರಾಂ ಜೇನು ಹಾಕಿ, ಒಂದಕ್ಕೆ 20 ಗ್ರಾಂ ಹಸಿ ತುಳಸಿ, ಇನ್ನೊಂದಕ್ಕೆ ಅಷ್ಟೇ ಎಲೆಯನ್ನು ಒಣಗಿಸಿ ಬಂದದ್ದನ್ನು ಹಾಕಬೇಕು. ಹಸಿ ಎಲೆಯ ಸೀಸೆಗೆ ಮುಚ್ಚಳವನ್ನು ಬಿಗಿಯದೆ ಬಟ್ಟೆ ಕಟ್ಟಬೇಕು. ಹುದುಗಿನ ಅನಿಲಕ್ಕೆ ದಾರಿಯಿಲ್ಲದಿದ್ದರೆ ಗಾಜು ಒಡೆಯಬಹುದು. ಅಭಿಸರಣದ ಪಾಠವನ್ನು ಕಪ್ಪುಹಲಗೆಯ ಮೇಲೆ ಬರೆಯುವುದಕ್ಕಿಂತ, ಮರುದಿನ ಎರಡೂ ಸೀಸೆಗಳನ್ನು ಓರೆ ಮಾಡಿ ಯಾವುದು ಬೇಗ ಹರಿಯುತ್ತದೆಂದು ತೋರಿಸಿದರೆ ಮಕ್ಕಳಿಗೆ ಹೆಚ್ಚು ತಿಳಿಯುತ್ತದೆ. ನೊರೆ ಬಂದ ಸೀಸೆಯನ್ನು ಯಾರೂ ರುಚಿ ನೋಡದಂತೆ ಚೆಲ್ಲಿಬಿಡಬೇಕು. ಮನೆಗೆ ಮಾಡಿಟ್ಟ ಸೀಸೆಯ ಮೇಲೆ ಮೂಲಿಕೆಯ ಹೆಸರು, ಸೋಸಿದ ದಿನಾಂಕ ಇವುಗಳೊಡನೆ ‘ವರ್ಷ ತುಂಬದ ಮಗುವಿಗೆ ಸಲ್ಲದು’ ಎಂಬ ಒಂದು ಸಾಲನ್ನು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸತಕ್ಕದ್ದು.